ಮಾವನ್ನ ಹುಡುಕಿ ಬಾರಿಗೆ ಹೋದ ಬೋರ

ಹೂಂ ಅನ್ರಪ್ಪಾ. ಹೂಂ ಅನ್ನೋರಿಲ್ಲದೆ ನನ್ನ ಬಾಯಿಗೆ ಕತೆ ಬರಾಕಿಲ್ಲ. ನಡುವೆ ಎದ್ದು ಹೋಗೋರು ಈಗಲೇ ಎದ್ದು ಹೋಗಿ. ಒಂದು ಮದುವೆ ಮುರೀತದೋ ಉಳೀತದೋ ಅನ್ನೋ ಕತೆ ಇದು.

ದೇವೀರಮ್ಮ ಅಂತ ಒಬ್ಬಳು ತಾಯಿ. ಗಂಡ ತೀರ್ಕೊಂಡಿದ್ದ. ಅವಳಿಗೊಬ್ಬ ಮಗ, ಚಿಕ್ಕಬೋರ. ಆಳು ನೋಡಿದ್ರೆ ಎತ್ತಿನಂಥಾ ಆಳು, ಬುದ್ಧಿ ನೋಡಿದ್ರೆ ಸೊನ್ನೆ. "ಬಾಗಿಲು ನೋಡ್ಕೊಳೋ" ಅಂದ್ರೆ ಬಾಗಿಲ ಮುಂದೆ ಕೂತು ಬಾಗಿಲನ್ನೇ ನೋಡೋನು. ಹಿತ್ತಲ ಕಡೆಯಿಂದ ಕಳ್ಳ ಬಂದು ಕೋಳಿ ಹಿಡ್ಕೊಂಡು ಹೋದ.

"ಅಯ್ಯೋ, ನನ್ನ ಹೊಟ್ಟೆಗೆ ಬೆಂಕಿ ಹಾಕ್ಬಿಟ್ಯಲ್ಲೋ!" ಅಂತ ತಾಯಿ ಎದೆ ಬಡ್ಕೊಂಡ್ಲು.

"ನಾನೆಲ್ಲವ್ವ ಹಾಕ್ದೆ? ನಾನು ಹಾಕಿದ್ದು ಒಲೆಗೆ!"

ಇಂಥಾ ಮಗ! ಮಗಳು ಮಾತ್ರ ಚಿನ್ನದಂಥವಳು, ಸುಕನ್ಯ ಅಂತ. ಪಟ್ಣದಲ್ಲಿ ಗಂಡು ಗೊತ್ತಾಯ್ತು, ಪಟ್ಣದ ಛತ್ರದಲ್ಲೇ ಮದುವೆ. ಗೋಧೂಳಿ ಲಗ್ನ, ಹೊತ್ತು ಮುಳುಗೋದ್ರೊಳಗೆ ಧಾರೆ ಆಗ್ಬೇಕು. ಗಂಡಿನ ತಾಯಿ ತಾಯಮ್ಮಣ್ಣಿ ಮೊದಲೇ ಒಂದು ಮಾತು ಹೇಳಿದ್ಲು: "ನೋಡಿ ಬೀಗಿತ್ತಿ, ನನ್ನ ಒಡಹುಟ್ಟಿದ ಅಣ್ಣ ಕುಡಿದು ಕುಡಿದು ಸತ್ತ. ನನಗೆ ವರದಕ್ಷಿಣೆ ಬೇಡ, ಒಡವೆ ಬೇಡ. ಆದ್ರೆ ನಿಮ್ಮ ಕಡೆಯೋರು ಒಬ್ಬರ ಬಾಯಲ್ಲಿ ವಾಸನೆ ಬಂದ್ರೂ ನನ್ನ ಮಗನ ಕೈ ಹಿಡ್ಕೊಂಡು ಎದ್ದು ಹೋಗ್ತೀನಿ!" ಪಕ್ಕದಲ್ಲಿ ನಿಂತಿದ್ದ ಅವಳ ಗಂಡ ಚಲುವೇಗೌಡ, "ಹೌದೌದು, ಕುಡುಕರು ಅಂದ್ರೆ ನಮಗಾಗಲ್ಲ" ಅಂತ ತಲೆ ಆಡಿಸಿದ.

ದೇವೀರಮ್ಮನ ಎದೆ ಧಸಕ್ಕಂತು. ಯಾಕೆ ಗೊತ್ತಾ? ಅವಳ ತಮ್ಮ ಮಾಚೇಗೌಡ ಇದ್ದನಲ್ಲ, ಅವನು ಹೊಟ್ಟೆಗೆ ಅನ್ನ ಇಲ್ಲದಿದ್ರೂ ಇದ್ದಾನು, ಅದಿಲ್ಲದೆ ಇರ. ಹಂಗಂತ ಅವನನ್ನ ಬಿಟ್ಟು ಮದುವೆ ಮಾಡಂಗಿಲ್ಲ. ಅವರ ಪದ್ಧತಿ ಹಂಗೆ: ಹೆಣ್ಣನ್ನ ಸೋದರಮಾವ ಹೊತ್ತು ತಂದು ಹಸೆ ಮೇಲೆ ಕೂರಿಸಬೇಕು. ಇನ್ನೊಬ್ಬ ತಮ್ಮ ಅವಳಿಗಿಲ್ಲ.

ಆವತ್ತು ಮಧ್ಯಾಹ್ನದ ಊಟ ಆಯ್ತು. ನೋಡ್ತಾಳೆ, ತಮ್ಮ ಇಲ್ಲ! ಅಡುಗೆಯೋನು ಮೆಲ್ಲಗೆ ಹೇಳಿದ: "ಅಮ್ಮಾ, 'ಇಷ್ಟು ದೊಡ್ಡ ಪಟ್ಣಕ್ಕೆ ಬಂದು ಒಂದು ಒಳ್ಳೆ ಬಾರ್ ನೋಡದೆ ಹೋದ್ರೆ ನಮ್ಮೂರೋರು ನಗಾಕಿಲ್ವಾ' ಅಂತ ಹೇಳಿ ಹೋದ್ರು."

ದೇವೀರಮ್ಮ ಸುತ್ತಮುತ್ತ ನೋಡಿದ್ಲು. ಯಾರನ್ನ ಕಳಿಸ್ತಾಳೆ? ನೆಂಟರಿಗೆ ಹೇಳಿದ್ರೆ ಗುಟ್ಟು ರಟ್ಟು. ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ವಾಸಿ ಅಂತ ಮಗನ್ನೇ ಕರೆದ್ಲು.

"ಲೇ ಬೋರ, ನಿನ್ನ ಮಾವ ಎಣ್ಣೆ ಹಾಕಕ್ಕೆ ಹೋಗವ್ನೆ. ಒಳ್ಳೆ ಎಣ್ಣೆ ಎಲ್ಲಿ ಸಿಕ್ತದೋ ಅಲ್ಲೇ ಇರ್ತಾನೆ. ಓಡು, ಕರ್ಕೊಂಡು ಬಾ!"

ಬೋರ ಓಡಿದ. ಓಡಿ, ಓಡಿ, ಗಾಣದ ಅಂಗಡಿಗೆ ಹೋದ! "ಒಳ್ಳೆ ಎಣ್ಣೆ ಇದೆಯಾ?" ಅಂದ. "ಇದೆ" ಅಂದ್ರು. ಡಬ್ಬದ ಹಿಂದೆ ನೋಡ್ದ, ಹಿಂಡಿ ಮೂಟೆ ಕೆಳಗೆ ನೋಡ್ದ, ಪೀಪಾಯಿ ಮುಚ್ಚಳ ತೆಗೆದು "ಮಾವಾ" ಅಂತ ಒಳಕ್ಕೆ ಕೂಗಿದ. ಅಂಗಡಿಯೋನು ಕತ್ತು ಹಿಡಿದು ಆಚೆಗೆ ತಳ್ಳಿದ. ಬರಿಗೈಲಿ ಹೋಗಬಾರದು ಅಂತ ಒಂದು ಸೀಸೆ ಹರಳೆಣ್ಣೆ ತಗೊಂಡು ಬಂದ.

"ಅವ್ವಾ, ಎಣ್ಣೆ ಸಿಕ್ತು, ಮಾವ ಸಿಗ್ಲಿಲ್ಲ!"

"ಥೂ ನಿನ್ನ! ಈ ಎಣ್ಣೆ ಅಲ್ವೋ ಮುಂಡೇದೆ! ಗುಂಡು! ಗುಂಡು ಹಾಕೋ ಜಾಗ! ಇನ್ಮೇಲೆ ಎಣ್ಣೆ ಅನ್ನಬೇಡ, ಗುಂಡು ಎಲ್ಲಿ ಅಂತ ಕೇಳು!"

ಅಷ್ಟರಲ್ಲಿ ತಾಯಮ್ಮಣ್ಣಿ ಬಂದ್ಲು. "ನಿಮ್ಮ ತಮ್ಮ ಎಲ್ಲಿ ಬೀಗಿತ್ತಿ, ಕಾಣಿಸ್ತಾನೇ ಇಲ್ಲ?"

"ಹೂವಿಗೆ ಹೋಗವ್ನೆ ಕಣಕ್ಕ, ಈಗ ಬತ್ತಾನೆ" ಅಂದ್ಲು ದೇವೀರಮ್ಮ. ಬಿಸಿಲು ಛತ್ರದ ಮೆಟ್ಟಿಲು ಇಳಿದು ಬೀದಿಗೆ ಬಂದಿತ್ತು.

ಬೋರ ಓಡಿದ. ಓಡಿ, ಓಡಿ, ಬ್ಯಾಂಕಿನ ಮುಂದೆ ನಿಂತ. ಅಲ್ಲೊಬ್ಬ ಕಾವಲುಗಾರ, ಹೆಗಲಿಗೆ ಬಂದೂಕ. ಬೋರನಿಗೆ ಖುಷಿಯೋ ಖುಷಿ. ಬಂದೂಕ ಇದ್ದ ಮೇಲೆ ಗುಂಡು ಇಲ್ಲೇ ಅಲ್ವಾ!

"ಅಣ್ಣಾ, ಗುಂಡು ಇದೆಯಾ?"

"ಇದೆ. ಯಾಕೆ?"

"ನಮ್ಮ ಮಾವನಿಗೆ ಹಾಕಿದ್ರಾ? ಬಿದ್ದಿದ್ರೆ ಹೇಳಿ, ಎತ್ಕೊಂಡು ಹೋಗ್ತೀನಿ!"

ಕಾವಲುಗಾರ ಬಂದೂಕ ಎತ್ತಿ ಎದೆಗೇ ಇಟ್ಟ. ಜನ ಸೇರಿದ್ರು. ಒಬ್ಬ "ಕಳ್ಳ" ಅಂದ, ಇನ್ನೊಬ್ಬ "ಪೊಲೀಸರನ್ನ ಕರೀರಿ" ಅಂದ. "ಅಯ್ಯೋ, ನನಗೆ ಬೇಡ, ಮಾವನಿಗೆ!" ಅಂತ ಬೋರ ಅತ್ತ. ಅಳೋದು ನೋಡಿ ಕಾವಲುಗಾರನಿಗೆ ಗೊತ್ತಾಯ್ತು, ಇದು ಪೆದ್ದು ಅಂತ. "ಹೋಗು, ಇನ್ನೊಂದ್ಸಲ ಬಾಯಿ ಬಿಟ್ರೆ ನೋಡು!" ಅಂತ ಗದರಿಸಿ ಕಳಿಸಿದ.

ತಾಯಿ ಹಣೆ ಚಚ್ಕೊಂಡ್ಲು. "ಗುಂಡು ಅಂದ್ರೆ ಕುಡಿಯೋದು ಕಣೋ! ನೀನು ಬಾಯೇ ಬಿಡಬೇಡ. ಬಾರ್ ಅಂತ ಬೋರ್ಡ್ ಇರ್ತದೆ. ಒಳಕ್ಕೆ ಹೋಗು, ಒಬ್ಬೊಬ್ಬರ ಮುಖ ಸರಿಯಾಗಿ ನೋಡು, ಬಾ!"

ಐನೋರು ಮಂಟಪದಿಂದ ಕೂಗಿದ್ರು: "ಗಂಡನ್ನ ಹಸೆಗೆ ಕರೀರಿ! ಗಂಡಿನ ತಂದೆ ಎಲ್ಲಿ?"

"ಐಸ್‌ಕ್ರೀಮ್ ಇನ್ನೂ ಬಂದಿಲ್ಲ ಅಂತ ನೋಡಕ್ಕೆ ಹೋದ್ರು" ಅಂದ್ಲು ತಾಯಮ್ಮಣ್ಣಿ. ಆಮೇಲೆ ದೇವೀರಮ್ಮನ ಕಡೆ ತಿರುಗಿ, "ಹೂವಿಗೆ ಹೋದೋನು ತೋಟ ಹಾಕಿ ಬೆಳೆಸ್ಕೊಂಡು ಬತ್ತಾನಾ?" ಅಂದ್ಲು.

ಬೋರ ಓಡಿದ. ಈ ಸಲ ಬೋರ್ಡ್ ನೋಡ್ದ, ಬಾರಿಗೇ ಹೋದ. ಒಳಗೆ ಮಬ್ಬುಗತ್ತಲು, ಹಾಡು ಬೇರೆ ಕಿವಿ ಒಡೆಯಂಗೆ. ಮುಖ ಸರಿಯಾಗಿ ನೋಡು ಅಂದಿದ್ದಾಳಲ್ಲ ಅವ್ವ! ಒಬ್ಬನ ಗದ್ದ ಹಿಡಿದು ಎತ್ತಿದ. ಒಬ್ಬನ ಕನ್ನಡಕ ತೆಗೆದ. ಒಬ್ಬನ ಮೀಸೆ ಮೇಲಿದ್ದ ನೊರೆ ಅಂಗೈಲಿ ಒರೆಸಿ ನೋಡಿದ. "ಯಾರೋ ನೀನು? ಏನು ಬೇಕೋ?" ಅಂತ ಎಲ್ಲರೂ ಎದ್ರು. ಬೋರ ಬಾಯಿ ಬಿಡಲಿಲ್ಲ. ಬಾಯಿ ಬಿಡಬೇಡ ಅಂದಿದ್ದಾಳಲ್ಲ! ಕೆನ್ನೆಗೆ ಬಿತ್ತು, ಬೆನ್ನಿಗೆ ಬಿತ್ತು. ಆಗಲೂ ಬಿಡಲಿಲ್ಲ.

ಅಂಗಿ ಹರ್ಕೊಂಡು ಬಂದ ಮಗನ್ನ ನೋಡಿ ದೇವೀರಮ್ಮನಿಗೆ ಬಯ್ಯೋಕೂ ಶಕ್ತಿ ಇರಲಿಲ್ಲ. ಹೊತ್ತು ಎದುರು ಮನೆ ಹೆಂಚಿನ ಮೇಲೆ ಕೂತಿತ್ತು. ಒಳಗೆ ಕೋಣೇಲಿ ಸುಕನ್ಯ ಸೆರಗು ಕಚ್ಕೊಂಡು ಅಳ್ತಾ ಇದ್ಲು.

"ಬಾಯಿಬಿಟ್ಟು ಕೇಳಬಾರ್ದೇನೋ ನನ್ನಪ್ಪಾ? 'ಮಾವಾ' ಅಂತ ಕೂಗು, 'ಓ' ಅಂದೋನ್ನ ಹಿಡಿ. ಆ ತಾಯಮ್ಮಣ್ಣಿಗೆ ಮುಖ ಕಾಣಬಾರ್ದು, ಮೊದಲು ಟವೆಲ್ ಮುಚ್ಚು. ಎಲ್ಲೂ ನಿಲ್ಲಬೇಡ. ಸೋದರಮಾವ ಹೊತ್ತು ತಂದು ಹಸೆ ಮೇಲೆ ಕೂರಿಸಬೇಕು ಕಣೋ, ತಿಳೀತಾ? ಸೋದರಮಾವ ಹೊತ್ತು ತಂದು!"

"ತಿಳೀತವ್ವ!" ಅಂದ ಬೋರ. ಅದೇ ನೋಡಿ ಭಯ, ಅವನಿಗೆ ತಿಳೀತು ಅಂದ್ರೆ.

ಬೀದಿ ಕೊನೆಯ ಬೀಡಾ ಅಂಗಡಿಯೋನ್ನ ಕೇಳಿದ: "ಅಣ್ಣಾ, ಒಳ್ಳೆ ಬಾರ್ ಯಾವ್ದು?"

"ಹಾಡಿಗಾದ್ರೆ ಬೆಳ್ಳಿಚುಕ್ಕಿ. ಮೀನಿಗಾದ್ರೆ ಕಾವೇರಿ ಕಟ್ಟೆ. ಯಾರ ಕಣ್ಣಿಗೂ ಬೀಳದಂಗೆ ಮರ್ಯಾದೆಯಾಗಿ ಕೂರಬೇಕು ಅಂದ್ರೆ ಸಂಜೆಮಲ್ಲಿಗೆ, ಮಹಡಿ ಮೇಲೆ. ಅಲ್ಲಿ ಪರದೆ ಹಾಕಿರ್ತಾರೆ."

ಮಹಡಿ ಹತ್ತಿದ. ಸಾಲಾಗಿ ಪರದೆ. "ಮಾವಾ!" ಅಂದ. ಉತ್ತರ ಇಲ್ಲ. "ಮಾವಾ!" ಅಂದ. ಒಂದು ಪರದೆ ಹಿಂದಿಂದ "ಓ..." ಅಂತು. ನುಗ್ಗಿದ. ಯಾರೋ ಮೇಜಿನ ಮೇಲೆ ತಲೆ ಇಟ್ಟು ಮಲಗಿದ್ರು. ಮೊದಲು ಟವೆಲ್ ಮುಚ್ಚು ಅಂದಿದ್ದಾಳಲ್ಲ! ತಲೆಗೆ ಟವೆಲ್ ಸುತ್ತಿದ, ಅಕ್ಕಿ ಮೂಟೆ ಎತ್ತಿದಂಗೆ ಹೆಗಲಿಗೆ ಎತ್ತಿದ, ಓಡಿದ.

ಛತ್ರದಲ್ಲಿ ಐನೋರು ಎದ್ದು ನಿಂತಿದ್ರು. "ಹೊತ್ತು ಮೀರ್ತಾ ಇದೆ ತಾಯೀ! ಸೋದರಮಾವ ಎಲ್ಲಿ?"

ತಾಯಮ್ಮಣ್ಣಿಯೂ ಎದ್ದು ಹಸೆ ಮೇಲೆ ಕೂತಿದ್ದ ಮಗನ ಕೈ ಹಿಡಿದ್ಲು. "ಬೀಗಿತ್ತಿ, ನಿಜ ಹೇಳಿ. ನಿಮ್ಮ ತಮ್ಮ ಎಲ್ಲಿಗೆ ಹೋದ?"

ದೇವೀರಮ್ಮ ಬಾಯಿ ತೆಗೆದ್ಲು. ಅಷ್ಟರಲ್ಲಿ ಮುಂಬಾಗಿಲಿಂದ ಬೋರ! ಹೆಗಲ ಮೇಲೆ ಮುಸುಕಿನ ಆಳು! ಎಲ್ಲೂ ನಿಲ್ಲಲಿಲ್ಲ. ನೆಂಟರ ಮಧ್ಯೆ ನುಗ್ಗಿದ, ಸೀದಾ ಮಂಟಪ ಹತ್ತಿದ, ಗಂಡಿನ ಪಕ್ಕ ಹಸೆ ಮೇಲೆ ದೊಪ್ಪಂತ ಕೂರಿಸಿದ.

"ತಗೋ ಅವ್ವಾ, ಸೋದರಮಾವನ್ನ ಹೊತ್ತು ತಂದೆ!"

ಗಮ್ಮಂತ ವಾಸನೆ. ದೇವೀರಮ್ಮ ಕಣ್ಣು ಮುಚ್ಕೊಂಡ್ಲು. ಮುಗೀತು, ಮಗಳ ಬಾಳು ಮುಗೀತು ಅಂದ್ಕೊಂಡ್ಲು. ತಾಯಮ್ಮಣ್ಣಿ ಹಲ್ಲು ಕಚ್ಕೊಂಡು ಬಂದು ಟವೆಲ್ ಕಿತ್ತೆಳೆದ್ಲು.

ಒಳಗಿದ್ದೋನು ಯಾರು? ಅವಳ ಗಂಡ, ಚಲುವೇಗೌಡ!

"ಐಸ್‌ಕ್ರೀಮ್... ಬರ್ತಾ ಇದೆ ಕಣೇ" ಅಂದ.

ಹಿಂದಿಂದ ಏದುಸಿರು ಬಿಡ್ತಾ ಮಾಚೇಗೌಡ ಓಡಿ ಬಂದ. "ಲೇ ಬೋರ! ಕೈ ತೊಳ್ಕೊಂಡು ಬರೋದ್ರೊಳಗೆ ಬೀಗರನ್ನ ಯಾಕೋ ಹೊತ್ಕೊಂಡು ಬಂದೆ?"

ತಾಯಮ್ಮಣ್ಣಿ ಗಂಡನ್ನ ನೋಡಿದ್ಲು, ಮಾಚೇಗೌಡನ್ನ ನೋಡಿದ್ಲು. ಹರಿದ ಅಂಗಿ, ಊದಿದ ಕೆನ್ನೆ, ಬೆವರು ಸುರಿಸ್ಕೊಂಡು ನಿಂತಿದ್ದ ಬೋರನ್ನ ನೋಡಿದ್ಲು. ಅವನ ಹತ್ರ ಹೋಗಿ ಬಾಯಿ ಮೂಸಿದ್ಲು.

"ಐನೋರೇ, ಇಡೀ ಪಟ್ಣದ ಬಾರ್ ಸುತ್ತಿ ಕುಡೀದೆ ಬಂದಿರೋನು ಇವನೊಬ್ಬನೇ. ಮಾವ ಬೇಡ, ಸೋದರ ಸಾಕು! ತಂಗೀನ ಇವನೇ ಹೊತ್ತು ತರ್ಲಿ. ಈ ಗೌಡರನ್ನ ಇಳಿಸಿ, ಇವರನ್ನ ಆಮೇಲೆ ನೋಡ್ಕೋತೀನಿ!"

ದೇವೀರಮ್ಮನ ಜೀವ ತಿರುಗಿ ಬಂತು, ಖುಷಿಗೆ ಕಣ್ಣೀರು ಸುರೀತು. ಗಂಡ ಇಲ್ಲದೋಳು ಅಂತ ಮಂಟಪ ಹತ್ತದೆ ಹಿಂದಿನ ಕಂಬದ ಮರೇಲೇ ನಿಂತಿದ್ಲು. ಅಲ್ಲಿಗೇ ಮಗನ್ನ ಕರೆದು ಕಿವೀಲಿ ಹೇಳಿದ್ಲು: "ಬೇಗ ಹೋಗು ಮಗಾ. ಯಾರನ್ನೋ ಹೊತ್ಕೊಂಡು ಬರಬೇಡ. ಅಳ್ತಾ ಕೂತಿದ್ದಾಳಲ್ಲ, ಅವಳನ್ನ ಹೊತ್ತು ತಂದು ಹಸೆ ಮೇಲೆ ಕೂರಿಸು!"

ಬೋರ ಕೋಣೆಗೆ ಓಡಿದ. ಅಲ್ಲಿ ಸುಕನ್ಯ ಬಾಗಿಲ ಸಂದೀಲಿ ಎಲ್ಲಾ ನೋಡಿ ಬಿದ್ದು ಬಿದ್ದು ನಗ್ತಾ ಇದ್ಲು.

"ನೀನಲ್ಲ" ಅಂದ ಬೋರ. ಆಚೆಗೆ ಓಡಿ ಬಂದ. ಹುಡುಕ್ದ, ಹುಡುಕ್ದ. ಸಿಕ್ಕಿದ್ಲು!

ಐನೋರು ಮಂತ್ರ ಶುರು ಮಾಡಿದ್ರು. ಓಲಗದೋರು ಉಸಿರು ಎಳ್ಕೊಂಡ್ರು. ಬೋರ ಜನರನ್ನ ಸೀಳ್ಕೊಂಡು ಬಂದ, ಹೊತ್ತು ತಂದೋಳ್ನ ಗಂಡಿನ ಪಕ್ಕ ಹಸೆ ಮೇಲೆ ಕೂರಿಸಿದ. ಗಂಡು ಹೌಹಾರಿ ಎದ್ದ. ಮಂತ್ರ ನಿಂತುಹೋಯ್ತು. ಹಿಂದೆನೇ ಸುಕನ್ಯ ನಗು ತಡೀಲಾರದೆ ತಾನೇ ನಡ್ಕೊಂಡು ಬಂದು ಮಂಟಪದಲ್ಲಿ ನಿಂತ್ಲು. ಹಸೆ ಮೇಲೆ ಕೂತಿದ್ದ ದೇವೀರಮ್ಮ ಮುಖ ಮುಚ್ಕೊಂಡು, "ಅಯ್ಯೋ ಮುಂಡೇದೆ, ನನ್ನನ್ಯಾಕೋ ತಂದೆ?" ಅಂತ ಕಿರುಚಿದ್ಲು.

"ಅಳೋಳ್ನ ತಾ ಅಂದ್ಯಲ್ಲವ್ವಾ! ಇಡೀ ಛತ್ರದಾಗೆ ಅಳ್ತಾ ಇರೋಳು ನೀನೊಬ್ಬಳೇ!"