ಮರಳಹಳ್ಳದ ಕಳ್ಳ

ಮರಳಹಳ್ಳದ ದಂಡೆಯ ಮೇಲೆ ಮೌನಪ್ಪಯ್ಯ ಎಂಬ ಗುರುಗಳ ಆಶ್ರಮವಿತ್ತು. ಹಳ್ಳದಲ್ಲಿ ನೀರು ಹರಿಯುತ್ತಿದ್ದುದು ಮಳೆಗಾಲದಲ್ಲಿ ಮಾತ್ರ. ಉಳಿದ ದಿನ ಬರೀ ಮರಳು.

ಆ ವರ್ಷ ಆಶ್ರಮದ ಬಾವಿಯ ತಳ ಕಾಣುತ್ತಿತ್ತು. ದಾಸೋಹದ ಹೊಣೆ ಹೊತ್ತಿದ್ದ ಶಿಷ್ಯ ಅಮರಯ್ಯನಿಗೆ ಅದೇ ಚಿಂತೆ. ಹೀಗೇ ಆದರೆ ಬಂದವರನ್ನು ಹಸಿದ ಹೊಟ್ಟೆಯಲ್ಲೇ ಕಳಿಸಬೇಕು.

ಒಂದು ದಿನ ದೂರದ ಬೆಟ್ಟದ ಮೇಲೆ ಜೋರು ಮಳೆ ಸುರಿಯಿತು. ಹಳ್ಳ ಬಂತೆಂದು ದನ ಕಾಯುವವರು ಹೇಳಿದರು. ಅಮರಯ್ಯ ದಂಡೆಯಲ್ಲಿ ಕಾದು ನಿಂತ. ಮರುದಿನವಾದರೂ ಆಶ್ರಮದ ಮುಂದಿನ ಮರಳು ಒದ್ದೆಯಾಗಿತ್ತೇ ಹೊರತು ನೀರು ಬರಲಿಲ್ಲ.

ಅವನು ನೇರ ಗುರುಗಳ ಬಳಿ ಹೋದ.

"ಬುದ್ಧಿ, ಮೇಲಿನ ತೋಟದ ಹುಸೇನಪ್ಪ ನೀರು ಕದ್ದಿದ್ದಾನೆ."

"ಕಂಡೆಯಾ?"

"ಕಾಣುವುದೇನಿದೆ? ದಂಡೆಗುಂಟ ಒಡ್ಡು ಹಾಕಿದ್ದಾನೆ. ನನ್ನನ್ನು ಕಂಡರೆ ಮುಖ ತಿರುಗಿಸುತ್ತಾನೆ."

"ನೀನು ಅವನನ್ನು ನೋಡುವ ರೀತಿಗೆ ನಾನಾದರೂ ತಿರುಗಿಸುತ್ತಿದ್ದೆ."

ಹುಸೇನಪ್ಪನ ತೋಟದಿಂದ ಗುರುಗಳಿಗೆ ಆಗಾಗ ಎಳೆ ಸೌತೆಕಾಯಿ ಬರುತ್ತಿದ್ದುದು ಅಮರಯ್ಯನಿಗೆ ನೆನಪಾಯಿತು. ಈಗ ಗುರುಗಳ ಮೇಲೂ ಸಣ್ಣದೊಂದು ಅನುಮಾನ.

"ಮೇಲೆ ಹಳ್ಳ ಇನ್ನೂ ಹರಿಯುತ್ತಿದೆ" ಎಂದರು ಗುರುಗಳು. "ಹೋಗು. ನೀರಿನ ಜೊತೆಗೇ ನಡೆದು ಬಾ. ಕಳ್ಳ ಸಿಗುತ್ತಾನೆ."

ಅಮರಯ್ಯ ಸಲಿಕೆ ಹೆಗಲಿಗೇರಿಸಿ ಹೊರಟ.

ಹುಸೇನಪ್ಪನ ತೋಟದ ಹತ್ತಿರ ಹಳ್ಳ ಕೆಂಪಗೆ ಹರಿಯುತ್ತಿತ್ತು. ಪಕ್ಕದಲ್ಲೇ ಆ ಒಡ್ಡು. ಅದರ ಆಚೆ ಕದ್ದ ನೀರು ನಿಂತಿರಲೇಬೇಕು. ಇಣುಕಿ ನೋಡುವಷ್ಟು ತಾಳ್ಮೆಯೂ ಅವನಿಗಿರಲಿಲ್ಲ. "ಕದ್ದ ನೀರು ಬಿಡು!" ಎಂದು ಕೂಗುತ್ತ ಸಲಿಕೆ ಎತ್ತಿ ಒಡ್ಡನ್ನು ಕಡಿದುಬಿಟ್ಟ.

ನೀರು ಹೊರಗೆ ಬರಲಿಲ್ಲ. ಹಳ್ಳದ ನೀರೇ ಒಳಗೆ ನುಗ್ಗಿತು.

"ಅಯ್ಯೋ, ಏನ್ ಮಾಡಿದ್ರಿ ಅಯ್ಯಾರ!" ಹುಸೇನಪ್ಪ ಓಡಿ ಬಂದ. "ನೀರು ಒಳಗ ಬರಬಾರದಂತ ಹಾಕಿದ ಒಡ್ಡರೀ ಅದು!"

ಸೌತೆಯ ಬಳ್ಳಿಗಳು ಕೆಸರಿನಲ್ಲಿ ಮುಳುಗುತ್ತಿದ್ದವು. ಹುಸೇನಪ್ಪ ಬರಿಗೈಯಲ್ಲಿ ಮಣ್ಣು ಬಾಚಿ ತೂತು ಮುಚ್ಚತೊಡಗಿದ. ಅಮರಯ್ಯ ಬೆನ್ನು ತಿರುಗಿಸಿ ಹಳ್ಳದ ಗುಂಟ ಕೆಳಗೆ ನಡೆದ.

ಇವನಲ್ಲದಿದ್ದರೆ ಇನ್ನೊಬ್ಬ. ಪ್ರತಿ ಪೊದೆಯ ಹಿಂದೆ ನೋಡಿದ, ಕಾಲುವೆ ಇದೆಯೇ ಎಂದು ಎರಡೂ ದಂಡೆ ಹುಡುಕಿದ. ಯಾರೂ ಇರಲಿಲ್ಲ. ಆದರೆ ನೀರು ಹೆಜ್ಜೆ ಹೆಜ್ಜೆಗೂ ಸಣ್ಣಗಾಗುತ್ತಿತ್ತು. ಹರವಾಗಿದ್ದದ್ದು ಎಳೆಗಳಾಗಿ ಒಡೆಯಿತು. ಕಡೆಯ ಎಳೆ ಮರಳಿನ ಮೇಲೆ ಸಣ್ಣ ಗುಳ್ಳೆಗಳನ್ನು ಬಿಟ್ಟು ಅವನ ಕಣ್ಣೆದುರೇ ಇಲ್ಲವಾಯಿತು.

ಆಶ್ರಮಕ್ಕೆ ಬಂದವನು ಸಲಿಕೆಯನ್ನು ಮೂಲೆಗಿಟ್ಟು ದಾಸೋಹದ ಕೆಲಸಕ್ಕೆ ಇಳಿದ.

ಕೆಲವು ದಿನ ಕಳೆದ ಮೇಲೆ ಅಮರಯ್ಯ ಬಾವಿಗೆ ಕೊಡ ಬಿಟ್ಟ. ಅದು ಬೇಗನೆ ನೀರು ಮುಟ್ಟಿತು. ಅವನು ಬೆಚ್ಚಿ ಕೆಳಗೆ ಬಗ್ಗಿದ.

"ಬುದ್ಧಿ! ಇಲ್ಲಿ ಒಂದು ಹನಿ ಮಳೆ ಬಿದ್ದಿಲ್ಲ. ಬಾವಿಗೆ ನೀರು ತಂದು ಸುರಿದವರು ಯಾರು?"

ಗುರುಗಳು ಬಂದು ಬಾವಿಯೊಳಗೆ ಬೆರಳು ತೋರಿಸಿದರು. ಹಳ್ಳದ ಕಡೆಯ ಗೋಡೆಯ ಕಲ್ಲುಸಂದಿಗಳಿಂದ ನೀರು ಸದ್ದಿಲ್ಲದೆ ಒಸರುತ್ತಿತ್ತು.

ಅಮರಯ್ಯ ಗೋಡೆ ನೋಡಿದ. ತಲೆಯೆತ್ತಿ ಹಳ್ಳದ ಒಣ ಮರಳು ನೋಡಿದ. ಅವನ ಮುಖ ಇಳಿದುಹೋಯಿತು.

"ಹಾಗಾದರೆ... ಹಳ್ಳದ ನೀರು ನಮ್ಮ ಬಾವಿಗೇ..."

ಗುರುಗಳು ತುಂಬಿದ ಕೊಡವನ್ನು ಮೇಲೆಳೆದು ಅವನ ಹೆಗಲ ಮೇಲಿಟ್ಟರು.

"ಇದನ್ನು ಹುಸೇನಪ್ಪನಿಗೆ ಕೊಟ್ಟು ಬಾ. ಯಾರು ಕದ್ದಿದ್ದರು ಎಂದು ಅವನು ಕೇಳಿದರೆ, ಸುಳ್ಳು ಹೇಳಬೇಡ."