ಎಣ್ಣೆ ಮಾರಿದ ದನಿ

ಹೊಳೆದಂಡೆಯ ಆಶ್ರಮದಲ್ಲಿ ಅಡವಯ್ಯ ಗುರುಗಳು ಮಂಡಿನೋವಿಗೆ ಎಣ್ಣೆ ಕಾಯಿಸುತ್ತಿದ್ದರು. ದೋಣಿ ನಿಲ್ಲುವ ಕಡವಿನಲ್ಲಿ ಕೂತು ಅದನ್ನು ಮಾರುವುದು ಶಿಷ್ಯ ಮರಿದೇವನ ಕೆಲಸ. ಆಶ್ರಮದ ಒಲೆ ಉರಿಯುತ್ತಿದ್ದುದು ಅದರಿಂದಲೇ.

ಮರಿದೇವ ಮೆಲುಮಾತಿನವನು. ಬಂದವರನ್ನು ಕೂರಿಸಿ, “ಎಲ್ಲಿ ನೋವು? ಯಾವಾಗಿನಿಂದ?” ಎಂದು ಕೇಳುವನು. ಕೆಲವರಿಗೆ, “ಇದು ನಿಮಗೆ ಆಗಿಬರಲ್ಲ, ವೈದ್ಯರಿಗೆ ತೋರಿಸಿ” ಎಂದು ಹೇಳಿ ಕಳಿಸಿಬಿಡುವನು. ಸಂಜೆ ಬುಟ್ಟಿಯಲ್ಲಿ ಅರ್ಧಕ್ಕರ್ಧ ಸೀಸೆ ಉಳಿಯುತ್ತಿತ್ತು.

ಪಕ್ಕದಲ್ಲೇ ತಾಯಿತ ಮಾರುವವನೊಬ್ಬನಿದ್ದ. ಅವನು ಬಾಯಿ ತೆರೆದರೆ ದೋಣಿಯಿಂದ ಇಳಿದವರೆಲ್ಲ ನಿಂತುಬಿಡುತ್ತಿದ್ದರು.

ಮರಿದೇವನಿಗೆ ತನ್ನ ಮೇಲೇ ಬೇಸರ ಬಂತು. ಒಂದು ದಿನ ಎದ್ದು ನಿಂತು, ತಾಯಿತದವನ ಹಾಗೆಯೇ ಎದೆಯುಬ್ಬಿಸಿ ಕೂಗಿದ.

“ಹಚ್ಚಿ ನೋಡಿ! ಮಲಗಿದವರು ಎದ್ದು ನಡೀತಾರೆ!”

ಮಧ್ಯಾಹ್ನದೊಳಗೆ ಬುಟ್ಟಿ ಬರಿದಾಯಿತು. ಮರಿದೇವ ಆಶ್ರಮಕ್ಕೆ ಓಡಿಬಂದ.

“ಎಲ್ಲ ಹೋಯಿತು ಗುರುಗಳೇ!”

“ತಗೊಂಡವರಿಗೆ ಎಲ್ಲಿ ನೋವಿತ್ತು?”

ಮರಿದೇವ ಅಂದು ಯಾರನ್ನೂ ಕೇಳಿರಲಿಲ್ಲ. ಆದರೂ ಮಾರನೆಯ ದಿನ ಕೂಗಿದ. ಆಮೇಲೂ ಕೂಗುತ್ತಲೇ ಇದ್ದ.

ಮಳೆಗಾಲ ಕಳೆದ ಮೇಲೆ, ಕಣ್ಣು ಕಾಣದ ಮುದುಕಿಯೊಬ್ಬಳು ಕೋಲೂರಿಕೊಂಡು ಆಶ್ರಮಕ್ಕೆ ಬಂದಳು.

“ಎಣ್ಣೆ ಮಾರುವ ಅಣ್ಣ ಇಲ್ಲೇ ಇರೋದಾ ಸ್ವಾಮಿ? ನನ್ನ ಮಗ ಮರದಿಂದ ಬಿದ್ದು ಮಲಗಿಬಿಟ್ಟಿದ್ದಾನೆ. ಪಟ್ಟಣದ ಆಸ್ಪತ್ರೆಗೆ ಒಯ್ಯೋಣ ಅಂತಿದ್ವಿ. ಈ ಎಣ್ಣೆ ಸಿಕ್ಕಿತಲ್ಲ ಅಂತ ಬಿಟ್ವಿ. ಇನ್ನೂ ಎಷ್ಟು ದಿನ ಹಚ್ಚಬೇಕು ಅಂತ ಕೇಳಬೇಕಿತ್ತು.”

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಮರಿದೇವನಿಗೆ ಅದನ್ನೇ ತಾಳಲಾಗಲಿಲ್ಲ. ಅವಳ ಮುಂದೆ ಬಂದು ಕೂತ.

“ಮಾರಿದವನು ನಾನೇ ಅವ್ವಾ. ಅದು ಬರೀ ಮಂಡಿನೋವಿನ ಎಣ್ಣೆ. ನಿನ್ನ ಮಗನಿಗೆ ಅದರಿಂದ ಏನೂ ಆಗಲ್ಲ.”

ಮುದುಕಿ ತಲೆಯಾಡಿಸಿದಳು.

“ನೀನಲ್ಲ ಬಿಡಪ್ಪಾ. ಅವನದು ಕಂಚಿನ ಕಂಠ. ಎದ್ದು ನಡೀತಾನೆ ಅಂತ ಮಾತು ಕೊಟ್ಟಿದ್ದಾನೆ. ಅವನನ್ನೇ ಕರಿ.”

ಮರಿದೇವ ಬಾಯಿ ತೆರೆದ. ಆ ದನಿ ಹೊರಡಲಿಲ್ಲ. ಗುರುಗಳ ಮುಖ ನೋಡಿದ.

ಅಡವಯ್ಯನವರು ಎದ್ದು ಬಂದು ಶಿಷ್ಯನ ಕೈಯನ್ನು ಅವಳ ಕೈಯಲ್ಲಿಟ್ಟರು.

“ಮಗನನ್ನು ಇವತ್ತೇ ಆಸ್ಪತ್ರೆಗೆ ಸೇರಿಸೋಣ ತಾಯಿ. ಆ ದನಿಯವನು ಇನ್ನು ಸಿಗುವುದಿಲ್ಲ. ಅವನು ಕೊಟ್ಟ ಮಾತನ್ನು ಹೊತ್ತುಕೊಂಡು ಇವನು ಬರುತ್ತಾನೆ.”