ಮಾಳಿಗೆ ಮೀನಿಗೆ ಬೀಗರ ಉಪಚಾರ

ಮದ್ದೂರಲ್ಲಿ ಕೆಂಪಾಜಮ್ಮ ಅಂತ ಒಬ್ಬಳಿದ್ದಳು. ಅವಳಿಗೊಬ್ಬ ಮಗ, ಬೋರಲಿಂಗ. ಆಳೆತ್ತರ ಬೆಳೆದಿದ್ದ, ಮೀಸೆ ಬಂದಿತ್ತು, ಬುದ್ಧಿ ಒಂದು ಬಂದಿರಲಿಲ್ಲ. ಹೇಳಿದ ಮಾತು ಕೇಳದ ಮಕ್ಕಳನ್ನ ನೀವು ಬೇಕಾದಷ್ಟು ನೋಡಿದ್ದೀರಿ. ಇವನು ಹೇಳಿದ್ದನ್ನೆಲ್ಲ ಕೇಳೋನು. ಅವನವ್ವನ ಕರ್ಮ ಅದೇ.

ಕೆಂಪಾಜಮ್ಮನ ಮಗಳು ಶಶಿಕಲಾ ಮದುವೆಗೆ ಮುಂಚೆ ಮಾಳಿಗೆ ಮೇಲೊಂದು ತೊಟ್ಟಿ ಇಟ್ಟು ಜಿಲೇಬಿ ಮೀನು ಬಿಟ್ಟಿದ್ದಳು. ಪಕ್ಕದಲ್ಲೇ ಎತ್ತರಕ್ಕೆ ಜಲ್ಲಿ ತುಂಬಿದ ಟ್ರೇ, ಅದರಲ್ಲಿ ಪಾಲಕ್ ಸೊಪ್ಪು. ಪಂಪು ತೊಟ್ಟಿ ನೀರನ್ನ ಟ್ರೇಗೆ ಎತ್ತುತ್ತೆ. ಮೀನಿನ ಗಲೀಜೇ ಸೊಪ್ಪಿಗೆ ಗೊಬ್ಬರ. ಸೊಪ್ಪಿನ ಬುಡದಲ್ಲಿ ಸೋಸಿದ ನೀರು ವಾಪಸ್ಸು ಮೀನಿಗೆ. ಮಣ್ಣೇ ಬೇಡ. ಅವ್ವನಿಗೂ ಮಗಳಿಗೂ ಅದೇ ಹುಚ್ಚು. ಮಗಳು ಗಂಡನ ಮನೆಗೆ ಹೋದಳು, ತೊಟ್ಟಿ ಅವ್ವನ ಪಾಲಿಗೆ ಉಳೀತು.

ಈಗ ಶಶಿಕಲಾ ಬಸುರಿ. ತವರಲ್ಲಿ ಬಯಕೆ ಊಟ ಆಗಬೇಕು. "ಅವ್ವ, ನಂಗೆ ಬೇರೇನೂ ಬೇಡ. ನಮ್ಮ ತೊಟ್ಟಿ ಮೀನಿನ ಸಾರು, ನಮ್ಮ ಪಾಲಕ್ ಪಲ್ಯ" ಅಂದಳು. ಪಕ್ಕದಲ್ಲೇ ಇದ್ದ ಅವಳ ಅತ್ತೆ ದೇವೀರಮ್ಮ ತುಟಿ ಕೊಂಕಿಸಿದಳು. "ಮಾಳಿಗೆ ಮೇಲೆ ಮೀನು ಬೆಳೀತವಂತೆ. ನೋಡೋಣ ಬಿಡಿ." ಆ 'ನೋಡೋಣ' ಅನ್ನೋ ಮಾತು ಕೆಂಪಾಜಮ್ಮನ ಗಂಟಲಲ್ಲಿ ಮೀನಿನ ಮುಳ್ಳಿನ ಥರ ಸಿಕ್ಕಿಕೊಂಡಿತು. ಈ ಬೀಗಿತ್ತಿ ಎದುರಿಗೆ ಮೀನು ಬಡಿಸದೆ ಬಿಡೋದಿಲ್ಲ ಅಂತ ಹಟ ತೊಟ್ಟಳು.

ಒಂದು ದಿನ ಸಂತೆಗೆ ಹೊರಟವಳು ಮಗನನ್ನ ಕರೆದಳು. "ಲೋ, ಮೀನನ್ನ ಬೀಗರನ್ನ ನೋಡ್ಕೊಂಡಂಗೆ ನೋಡ್ಕೊ."

ಬೀಗರು ಅಂದರೆ ಬೇಡ ಬೇಡ ಅಂದರೂ ಬಡಿಸಬೇಕಲ್ಲ? ಬೋರಲಿಂಗ ಬಿಸಿ ಮುದ್ದೆ ಹಾಕಿದ. ಮೇಲೆ ಉಪ್ಪೆಸರು ಹುಯ್ದ. ಮೀನು ಮುಖ ತಿರುಗಿಸಿದವು. ಸಂಕೋಚ ಇರಬೇಕು ಅಂದ್ಕೊಂಡ. "ನಿಮ್ಮನೆ ಅಂದ್ಕೊಳ್ಳಿ" ಅಂತ ಅನ್ನ ಸುರಿದ, ಕೊನೇಗೆ ಮಜ್ಜಿಗೆನೂ ಬಿಟ್ಟ.

ಸಂತೆಯಿಂದ ಬಂದ ಕೆಂಪಾಜಮ್ಮ ಮೂಗು ಮುಚ್ಚಿಕೊಂಡು ಮಾಳಿಗೆ ಹತ್ತಿದಳು. ಅರ್ಧ ಮೀನು ಹೊಟ್ಟೆ ಮೇಲೆ ಮಾಡಿ ತೇಲ್ತಿದ್ದವು. ಹೊಟ್ಟೆ ಉರಿಯದೆ ಇರುತ್ತಾ, ನೀವೇ ಹೇಳಿ.

"ತಲೇಲಿ ಏನು ಜಲ್ಲಿ ತುಂಬ್ಕೊಂಡಿದ್ದೀಯೇನೋ?"

"ನೀನೇ ಹೇಳ್ದಲ್ಲವ್ವ."

"ಒಂದೇ ಒಂದು ಚಿಟಿಕೆ ಹಾಕ್ಬೇಕು ಕಣೋ ಮುಂಡೇದೆ. ತಿಂದು ಮುಗಿಸೋಗಂಟ ನಿಂತು ನೋಡ್ಬೇಕು. ಮುಗಿಸಿದ್ರೆ ಮಾತ್ರ ಇನ್ನೊಂದು ಚಿಟಿಕೆ!"

ಆಗಲಿ ಅಂದ ಬೋರಲಿಂಗ.

ತೊಟ್ಟಿ ತೊಳೆದಿದ್ದಾಯ್ತು, ಹೊಸ ನೀರು ತುಂಬಿದ್ದಾಯ್ತು. ಬಯಕೆ ಊಟದ ದಿನ ಗೊತ್ತು ಮಾಡೋಕೆ ದೇವೀರಮ್ಮ ತನ್ನವರನ್ನ ಕರಕೊಂಡು ಬಂದಳು. ಕೆಂಪಾಜಮ್ಮ ಒಲೆ ಮುಂದೆ ಕಾಫಿ ಸೋಸ್ತಾ, "ಲೋ, ಎಲ್ರಿಗೂ ಉಪ್ಪಿಟ್ಟು ಹಾಕು" ಅಂದಳು. ಬೋರಲಿಂಗ ಒಂದೊಂದು ತಟ್ಟೆಗೆ ಒಂದೊಂದು ಚಿಟಿಕೆ ಹಾಕಿದ. ಹಾಕಿ ಸುಮ್ಮನೆ ಹೋದನಾ? ಎದುರಿಗೆ ಕೈಕಟ್ಟಿ ನಿಂತು ಅವರ ಬಾಯನ್ನೇ ನೋಡ್ತಿದ್ದ. ದೇವೀರಮ್ಮ ತಟ್ಟೆ ಸರಿಸಿ ಎದ್ದೇ ಬಿಟ್ಟಳು.

"ತಲೇಲಿ ಏನು ಜಲ್ಲಿ ತುಂಬ್ಕೊಂಡಿದ್ದೀಯೇನೋ? ನನ್ನ ಮಾನ ಕಳೆದ್ಯಲ್ಲೋ!"

"ನೀನೇ ಹೇಳ್ದಲ್ಲವ್ವ."

"ಮನೆಗೆ ಬಂದೋರನ್ನ ಬರೀ ಹೊಟ್ಟೇಲಿ ಕಳಿಸ್ತಾರೇನೋ? ಹೊರಟು ನಿಂತರೂ ತಡೆದು ಕೂರಿಸಿ, ಹೊಟ್ಟೆ ತುಂಬ ತಿನ್ನಿಸಿ ಕಳಿಸ್ಬೇಕು. ತಿಳೀತಾ?"

ತಿಳೀತು ಅಂದ.

ಮಾರನೇ ದಿನವೇ ಮಾಳಿಗೆಗೆ ಒಬ್ಬರು ಬಂದರು. ಬಿಳೀ ಬಟ್ಟೆ, ಉದ್ದ ಕತ್ತು. ಗದ್ದೆ ಬಯಲಿನ ಕೊಕ್ಕರೆ. ತೊಟ್ಟಿ ಮೇಲೆ ಬಲೆ ಕಟ್ಟಿತ್ತು, ನೋಡಿ ನೋಡಿ ಹೊರಡೋಕೆ ರೆಕ್ಕೆ ಬಿಚ್ಚಿತು. ಬೋರಲಿಂಗ ಬಿಡ್ತಾನಾ? "ಹಂಗೇ ಹೋದ್ರೆ ಹೆಂಗೆ, ಕೂತ್ಕೊಳ್ಳಿ" ಅಂತ ಓಡಿ ಹೋಗಿ ಬಲೆ ಬಿಚ್ಚಿ ಪಕ್ಕಕ್ಕಿಟ್ಟ. ಕೊಕ್ಕರೆ ಹೊಟ್ಟೆ ತುಂಬ ತಿಂತು. ಅವನು ಪಕ್ಕದಲ್ಲೇ ಕೂತು ಬಿಸಿಲಿಗೆ ಬೀಸಣಿಗೆ ಬೀಸಿದ.

ಕೆಂಪಾಜಮ್ಮ ಬಂದು ನೋಡಿದರೆ ತೊಟ್ಟೀಲಿ ಬೆರಳೆಣಿಕೆ ಮೀನು. ಈ ಸಲ ಅವಳಿಗೆ ಅಳುವೇ ಬಂತು. ಬೀಗಿತ್ತಿಯ ಕೊಂಕು ತುಟಿ ಕಣ್ಣ ಮುಂದೆ ಬಂತು. "ನಿನ್ನ ಹೆತ್ತ ಹೊಟ್ಟೆಗೆ ಜಲ್ಲಿ ಹಾಕ! ಇನ್ಮೇಲೆ ತೊಟ್ಟಿಗೆ ಯಾರು ಕೈ ಹಾಕಿದ್ರೂ ಕೋಲು ತಗೊಂಡು ಅಟ್ಟು. ಯಾರೇ ಆಗಲಿ, ಸತ್ತ ನಿಮ್ಮಪ್ಪ ಎದ್ದು ಬಂದ್ರೂ ಬಿಡಬೇಡ" ಅಂದಳು.

ಅಂದಿದ್ದೇ ತಪ್ಪಾಯ್ತು.

ಬಯಕೆ ಊಟದ ದಿನ ಬಂತು. ಪಲ್ಯ ಆಗಿತ್ತು. ಕೆಳಗೆ ಮಸಾಲೆ ಕುದೀತಿತ್ತು, ಶಶಿಕಲಾ ಸೌಟು ಹಿಡಿದು ಕಾಯ್ತಿದ್ದಳು. ಕೆಂಪಾಜಮ್ಮ ಸೆರಗು ಸಿಕ್ಕಿಸಿಕೊಂಡು ಮಾಳಿಗೆಗೆ ಹೋದಳು. ಮೀನು ನಿಜವಾಗಲೂ ಇದೆಯಾ ಅಂತ ದೇವೀರಮ್ಮನೂ ಹಿಂದೆಯೇ ಹತ್ತಿದಳು. ಕೆಂಪಾಜಮ್ಮ ಬಲೆ ಸರಿಸಿ ತೊಟ್ಟಿಗೆ ಕೈ ಹಾಕಿದಳೋ ಇಲ್ಲವೋ, ಹಿಂದಿನಿಂದ ಬೋರಲಿಂಗ ಕೋಲೆತ್ತಿಕೊಂಡು ಬಂದ.

"ಲೋ, ನಾನು ಕಣೋ, ನಿಮ್ಮವ್ವ."

"ಯಾರೇ ಆಗಲಿ ಅಂತ ನೀನೇ ಹೇಳ್ದಲ್ಲವ್ವ."

ಅವನು ಅಟ್ಟಿಸಿದ, ಅವಳು ಓಡಿದಳು. ತೊಟ್ಟಿ ಸುತ್ತ ಓಡಿ ಓಡಿ ಕಾಲು ಜಾರಿ ಧಡಾರನೆ ತೊಟ್ಟಿಯೊಳಗೇ ಕೂತಳು. ನೀರು ಉಕ್ಕಿ ಮಾಳಿಗೆಯೆಲ್ಲ ಹರೀತು. ನೀರಿನ ಜೊತೆ ಮೀನೂ ಬಂದು ದೇವೀರಮ್ಮನ ಕಾಲ ಮುಂದೆ ಪಟಪಟ ಅಂದವು. ಅವಳು ಬಗ್ಗಿ ಒಂದೊಂದನ್ನೇ ಸೆರಗಿಗೆ ಹಾಕಿಕೊಂಡಳು. "ಇವೆ ಬಿಡಿ ಬೀಗಿತ್ತಿ, ಮೀನು ಇವೆ" ಅಂತ ಕೆಳಗಿಳಿದು ಹೋದಳು.

ಇಷ್ಟು ದಿನ ಕಾದಿದ್ದ ಮಾತು ಅದು. ಕೇಳೋವಾಗ ಕೆಂಪಾಜಮ್ಮ ಕತ್ತಿನ ತನಕ ನೀರಲ್ಲಿದ್ದಳು. ಸಿಟ್ಟಲ್ಲಿ ಮಗನನ್ನ ಬೈಯೋಕೆ ಬಾಯಿ ತೆರೆದಳು, ಮುಚ್ಚಿದಳು, ತೆರೆದಳು, ಮುಚ್ಚಿದಳು.

ಬೋರಲಿಂಗ ನೋಡಿದ. ತೊಟ್ಟೀಲಿ ಬಾಯಿ ತೆಗೀತಿದೆ, ಮುಚ್ತಿದೆ. ಕೋಲು ಕೆಳಗಿಟ್ಟ. ಮೀನಿನ ತಿಂಡಿ ಡಬ್ಬಿ ತಂದ, ಅವ್ವನ ಬಾಯಿಗೆ ಒಂದೇ ಒಂದು ಚಿಟಿಕೆ ಹಾಕಿ ಕೈಕಟ್ಟಿ ನಿಂತ.

"ಮುಗಿಸವ್ವ. ಆಮೇಲೆ ಇನ್ನೊಂದು ಚಿಟಿಕೆ."